ಗಾಡಿ ಹೀಟಾಗುತ್ತಿದೆಯಾ? ಬಿಡಿಭಾಗ ಕೊಳ್ಳುವ ಮೊದಲು ಇಷ್ಟು ನೋಡಿ

ಇಂಜಿನ್ ಹೀಟಾಗುತ್ತಿದೆ ಅಂತ ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಏನಾಗುತ್ತದೆ ಹೇಳಿ. ಮೊದಲು ಕೂಲಂಟ್, ಅಂದರೆ ಇಂಜಿನ್ನನ್ನು ತಣಿಸುವ ದ್ರವ, ಬದಲಿಸುತ್ತಾರೆ. ಸರಿಹೋಗದಿದ್ದರೆ ಥರ್ಮೋಸ್ಟಾಟ್, ಅಂದರೆ ಇಂಜಿನ್ ಬಿಸಿಯಾದ ಮೇಲೆ ಕೂಲಂಟಿಗೆ ರೇಡಿಯೇಟರಿನ ದಾರಿ ತೆರೆಯುವ ಪುಟ್ಟ ಬಾಗಿಲು. ಆಮೇಲೆ ಕೂಲಂಟನ್ನು ಓಡಾಡಿಸುವ ವಾಟರ್ ಪಂಪ್, ಕೊನೆಗೆ ಅದನ್ನು ಗಾಳಿಗೆ ತಣಿಸುವ ರೇಡಿಯೇಟರ್. ಹೀಗೆ ಒಂದೊಂದೇ ಬದಲಿಸುತ್ತಾ ಹೋದರೆ ಯಾವತ್ತೋ ಒಂದು ದಿನ ಕೆಟ್ಟ ಭಾಗಕ್ಕೆ ಕೈ ತಗಲುತ್ತದೆ, ನಿಜ. ಅಷ್ಟರಲ್ಲಿ ಜೇಬು ಖಾಲಿಯಾಗಿರುತ್ತದೆ. ಈ ನಡುವೆ ಗಾಡಿ ಇನ್ನೂ ಎರಡು ಮೂರು ಸಲ ಹೀಟಾಗಿ ಇಂಜಿನ್ನಿನ ಮೇಲ್ಭಾಗ ಮುಚ್ಚುವ ಸಿಲಿಂಡರ್ ಹೆಡ್ಡೇ ಬಾಗಿದ್ದರೆ ಕಥೆ ಮುಗಿಯಿತು.

ಇದಕ್ಕಿಂತ ಒಳ್ಳೆಯ ದಾರಿ ಒಂದಿದೆ, ಅದಕ್ಕೆ ದುಡ್ಡೂ ಬೇಡ. ಗಾಡಿ ಯಾವಾಗ ಹೀಟಾಗುತ್ತದೆ ಅನ್ನುವುದನ್ನು ಗಮನಿಸಿ. ಸಿಗ್ನಲ್‌ನಲ್ಲಿ ನಿಂತಾಗಲಾ, ಹೈವೇಯಲ್ಲಿ ಓಡುವಾಗಲಾ, ಘಾಟಿ ಹತ್ತುವಾಗಲಾ, ಬೆಳಗ್ಗೆ ಸ್ಟಾರ್ಟ್ ಮಾಡಿದ ಐದೇ ನಿಮಿಷಕ್ಕಾ? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅನುಮಾನ ಪಡಬೇಕಾದ ಭಾಗಗಳು ಒಂದೋ ಎರಡೋ ಉಳಿಯುತ್ತವೆ. ಆ ಉತ್ತರ ಗೊತ್ತಾಗುವ ತನಕ ಒಂದು ರೂಪಾಯಿ ಬಿಡಿಭಾಗವನ್ನೂ ಕೊಳ್ಳಬೇಡಿ.

ದಾರಿಯಲ್ಲೇ ಹೀಟಾದರೆ

ಮೀಟರಿನ ಮುಳ್ಳು ಮಧ್ಯ ದಾಟಿ ಮೇಲೆ ಹೋಗುತ್ತಿದೆ, ಆದರೆ ಹಬೆ ಇಲ್ಲ, ಕೆಂಪು ದೀಪ ಇನ್ನೂ ಹತ್ತಿಲ್ಲ ಅಂದುಕೊಳ್ಳಿ. ತಕ್ಷಣ ಎಸಿ ಆಫ್ ಮಾಡಿ. ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ. ಏಪ್ರಿಲ್ ಬಿಸಿಲಲ್ಲಿ ಇದು ಹುಚ್ಚುತನ ಅನ್ನಿಸುತ್ತದೆ. ಆದರೆ ಡ್ಯಾಶ್‌ಬೋರ್ಡ್ ಒಳಗಿರುವ ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ. ಇಂಜಿನ್ನಿನ ಬಿಸಿಯನ್ನು ಅದು ನಿಮ್ಮ ಮುಖಕ್ಕೆ ಊದಿ ಹೊರಗೆ ಹಾಕುತ್ತದೆ. ಇದರಲ್ಲೇ ಒಂದು ಸುಳಿವೂ ಇದೆ. ಮುಳ್ಳು ಮೇಲಿದ್ದು ಹೀಟರಿನಿಂದ ತಣ್ಣನೆ ಗಾಳಿ ಬರುತ್ತಿದ್ದರೆ, ಕೂಲಂಟ್ ಖಾಲಿಯಾಗಿದೆ ಅಥವಾ ಓಡಾಡುತ್ತಿಲ್ಲ ಎಂದರ್ಥ. ಆಗ ಹೀಟರ್ ನಂಬಿಕೊಂಡು ಮುಂದೆ ಹೋಗಬೇಡಿ.

ಕೆಂಪು ದೀಪ ಹತ್ತಿದ್ದರೆ, ಬಾನೆಟ್ ಸಂದಿಯಿಂದ ಹಬೆ ಬರುತ್ತಿದ್ದರೆ, ಯೋಚನೆ ಮಾಡುತ್ತಾ ಕೂರುವ ಹಾಗಿಲ್ಲ. ಪಕ್ಕಕ್ಕೆ ತೆಗೆದು ಇಂಜಿನ್ ಆಫ್ ಮಾಡಿ. ಹಬೆ ನಿಂತ ಮೇಲೆ ಬಾನೆಟ್ ತೆಗೆಯಿರಿ. ಕೆಲವು ಗಾಡಿಗಳಲ್ಲಿ ಇಂಜಿನ್ ನಿಂತ ಮೇಲೂ ಫ್ಯಾನ್ ತಾನಾಗಿ ತಿರುಗಲು ಶುರುಮಾಡುತ್ತದೆ, ಕೈ ದೂರ ಇರಲಿ.

ರೇಡಿಯೇಟರ್ ಮುಚ್ಚಳದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇದು ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಒಳಗೆ ಒತ್ತಡ ಕಟ್ಟಿ, ನೀರು ಬೇಗ ಕುದಿಯದ ಹಾಗೆ ನೋಡಿಕೊಳ್ಳುತ್ತದೆ. ಬಹಳಷ್ಟು ಮುಚ್ಚಳಗಳ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದೆ, ಅದು ಬಾರ್ ಲೆಕ್ಕ. ಒಂದು ಬಾರ್ ಒತ್ತಡ ಕಟ್ಟಿದರೆ ಬರೀ ನೀರು ಕೂಡ ಹತ್ತಿರ ಹತ್ತಿರ 120 ಡಿಗ್ರಿ ತನಕ ಕುದಿಯುವುದಿಲ್ಲ. ಅಂಥ ನೀರಿನ ಮುಚ್ಚಳ ತೆಗೆದರೆ ಒತ್ತಡ ಒಮ್ಮೆಲೇ ಇಳಿದು, ಅದೆಲ್ಲ ಹಬೆಯಾಗಿ ಮುಖಕ್ಕೆ ಹಾರುತ್ತದೆ. ಕನಿಷ್ಠ ಅರ್ಧ ಮುಕ್ಕಾಲು ಗಂಟೆ ಕಾಯಿರಿ. ಆಮೇಲೆ ದಪ್ಪ ಬಟ್ಟೆ ಹಿಡಿದು ಮೇಲಿನ ಹೋಸ್ ಪೈಪನ್ನು ಹಿಸುಕಿ. ಗಟ್ಟಿಯಾಗಿದ್ದರೆ ಒತ್ತಡ ಇನ್ನೂ ಇದೆ, ಮೆತ್ತಗಿದ್ದರೆ ತೆಗೆಯಬಹುದು.

ಕಾದ ಇಂಜಿನ್ನಿಗೆ ತಣ್ಣೀರು ಸುರಿಯುವುದನ್ನು ಹೈವೇ ಪಕ್ಕದಲ್ಲಿ ಆಗಾಗ ನೋಡುತ್ತೇವೆ ಅಲ್ವಾ? ಇವತ್ತಿನ ಕಾರುಗಳ ಹೆಡ್ ಅಲ್ಯೂಮಿನಿಯಂದು. ಒಮ್ಮೆಲೇ ತಣಿಸಿದರೆ ಬಾಗುತ್ತದೆ, ಬಿರುಕೂ ಬಿಡಬಹುದು. ತಾನಾಗಿ ತಣಿಯಲಿ. ತಣಿದ ಮೇಲೆ ಕುಡಿಯುವ ನೀರಿನ ಬಾಟಲಿಯನ್ನೇ ನಿಧಾನವಾಗಿ ತುಂಬಿಸಿ ಹತ್ತಿರದ ಊರು ಸೇರಬಹುದು. ಆದರೆ ಅದು ಮನೆ ಮುಟ್ಟುವುದಕ್ಕಷ್ಟೇ.

ಘಾಟಿಯಲ್ಲಿ ನಿಲ್ಲಿಸುವುದಾದರೆ ತಿರುವಿನಲ್ಲಿ ಬೇಡ, ಹಿಂದಿನಿಂದ ಬರುವವರಿಗೆ ದೂರದಿಂದಲೇ ಕಾಣುವ ಜಾಗ ನೋಡಿ. ಚಕ್ರಕ್ಕೆ ಕಲ್ಲು ಕೊಟ್ಟರೆ ಹೊರಡುವಾಗ ಅದನ್ನು ತೆಗೆದು ಹಾಕಿ ದಯವಿಟ್ಟು. ರಸ್ತೆ ಮಧ್ಯೆ ಬಿಟ್ಟುಹೋದ ಕಲ್ಲು ರಾತ್ರಿ ಬೈಕಿನವರ ಪ್ರಾಣ ತೆಗೆಯುತ್ತದೆ.

ನಿಜವಾಗಿಯೂ ಹೀಟಾಗಿದೆಯಾ?

ಇದೂ ಒಂದು ಪ್ರಶ್ನೆಯಾ ಅನ್ನಬೇಡಿ. ಕೀ ತಿರುಗಿಸಿದ ಕ್ಷಣದಲ್ಲೇ ಮುಳ್ಳು ಮೇಲಕ್ಕೆ ಜಿಗಿದರೆ ಅದು ಬಿಸಿ ಅಲ್ಲ, ಸೆನ್ಸರಿನದ್ದೋ ವೈರಿಂದೋ ತೊಂದರೆ. ಬಿಸಿ ನಿಧಾನವಾಗಿ ಏರುತ್ತದೆ, ಜಿಗಿಯುವುದಿಲ್ಲ. ಇಲಿ ಕಡಿದ ವೈರು ಈ ಆಟ ಆಡುವುದು ಜಾಸ್ತಿ.

ಇನ್ನೊಂದು ಕಡೆ, ಮುಳ್ಳು ಮಧ್ಯದಲ್ಲಿದೆ ಅಂತ ನೆಮ್ಮದಿಯಾಗಿರುವುದೂ ಸರಿಯಲ್ಲ. ಈಗಿನ ಅನೇಕ ಗಾಡಿಗಳಲ್ಲಿ ಮೀಟರನ್ನು ಬೇಕೆಂತಲೇ ಹೀಗೆ ಮಾಡಿರುತ್ತಾರೆ: ಕೂಲಂಟ್ 80 ಡಿಗ್ರಿ ಇದ್ದರೂ 100 ಇದ್ದರೂ ಮುಳ್ಳು ಅದೇ ಜಾಗದಲ್ಲಿ ನಿಂತಿರುತ್ತದೆ. ಅದು ಅಲುಗಿತು ಅಂದರೆ ಆಗಲೇ ತಡವಾಗಿದೆ. ಮೀಟರೇ ಇಲ್ಲದ ಗಾಡಿಗಳೂ ಇವೆ. ಅವುಗಳಲ್ಲಿ ತಣ್ಣಗಿದ್ದಾಗ ನೀಲಿ ದೀಪ, ಮಿತಿಮೀರಿದಾಗ ಕೆಂಪು ದೀಪ, ನಡುವೆ ಏನೂ ಇಲ್ಲ.

ಹಾಗಾಗಿ ಒಂದು ಸಣ್ಣ ಉಪಕರಣ ಇಟ್ಟುಕೊಳ್ಳಿ ಅನ್ನುತ್ತೇನೆ: ಗಾಡಿಯ ಕಂಪ್ಯೂಟರಿನಲ್ಲಿರುವ ಮಾಹಿತಿ ಓದುವ ಬ್ಲೂಟೂತ್ ಒಬಿಡಿ ರೀಡರ್. 2013ರ ನಂತರ ನಮ್ಮಲ್ಲಿ ಬಂದ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ರೀಡರನ್ನು ಅಲ್ಲಿ ಸಿಕ್ಕಿಸಿ ಫೋನಿಗೆ ಜೋಡಿಸಿದರೆ ಕೂಲಂಟ್ ಎಷ್ಟು ಡಿಗ್ರಿ ಅನ್ನುವುದು ನೇರವಾಗಿ ಕಾಣುತ್ತದೆ. ಸಾಮಾನ್ಯ ಓಡಾಟದಲ್ಲಿ 85ರಿಂದ 100ರ ಆಸುಪಾಸು ಇರುತ್ತದೆ. ಟ್ರಾಫಿಕ್ಕಿನಲ್ಲಿ ಇನ್ನೂ ಸ್ವಲ್ಪ ಏರಿ, ಫ್ಯಾನ್ ತಿರುಗಿದ ಮೇಲೆ ಇಳಿಯುತ್ತದೆ. ಈ ಏರಿಳಿತ ನೋಡಿದರೇ ಅರ್ಧ ರೋಗ ಗೊತ್ತಾಗುತ್ತದೆ. ದೋಷದ ಕೋಡುಗಳೂ ಸಿಗುತ್ತವೆ: ಪಿ0217 ಅಂದರೆ ಇಂಜಿನ್ ಮಿತಿಮೀರಿ ಬಿಸಿಯಾಗಿತ್ತು, ಪಿ0480 ಅಂದರೆ ಫ್ಯಾನಿನ ಸರ್ಕ್ಯೂಟಿನಲ್ಲಿ ತೊಂದರೆ, ಪಿ0128 ಅಂದರೆ ಇಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ.

ಬೆಳಗ್ಗೆ, ಇಂಜಿನ್ ತಣ್ಣಗಿರುವಾಗ

ರಾತ್ರಿಯಿಡೀ ನಿಂತ ಗಾಡಿಯಲ್ಲಿ ಮೊದಲು ಕೂಲಂಟ್ ಟ್ಯಾಂಕು ನೋಡಿ. ಎರಡು ಗೆರೆಗಳ ನಡುವೆ ಇರಬೇಕು. ರೇಡಿಯೇಟರಿಗೆ ಬೇರೆ ಮುಚ್ಚಳ ಇರುವ ಗಾಡಿಯಾದರೆ ಅದನ್ನೂ ತೆಗೆದು ನೋಡಲೇಬೇಕು. ಟ್ಯಾಂಕು ತುಂಬಿದ್ದು ರೇಡಿಯೇಟರ್ ಖಾಲಿ ಇರುವುದು ಅಪರೂಪವಲ್ಲ. ಬಿಸಿಯಾದಾಗ ಟ್ಯಾಂಕಿಗೆ ಹೋದ ಕೂಲಂಟನ್ನು ತಣಿದ ಮೇಲೆ ವಾಪಸ್ ಎಳೆದುಕೊಳ್ಳುವುದು ಆ ಮುಚ್ಚಳದ ಕೆಲಸ. ಅದರ ರಬ್ಬರ್ ಸವೆದರೆ ಎಳೆದುಕೊಳ್ಳುವುದಿಲ್ಲ. ಇಷ್ಟು ಅಗ್ಗದ ಭಾಗ, ಆದರೆ ಎಷ್ಟೋ ಗ್ಯಾರೇಜುಗಳಲ್ಲಿ ಇದನ್ನು ಕೊನೆಗೆ ನೋಡುತ್ತಾರೆ.

ಮಟ್ಟ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿ. ಎಸಿ ನೀರಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದಕ್ಕೆ ಹೆದರಬೇಕಿಲ್ಲ. ಕೂಲಂಟ್ ಹಸಿರೋ ಗುಲಾಬಿಯೋ ನೀಲಿಯೋ ಇರುತ್ತದೆ, ಬೆರಳಿಗೆ ಜಾರುತ್ತದೆ, ಸಿಹಿ ವಾಸನೆ. ನೆಲಕ್ಕೆ ಬೀಳುವ ಮೊದಲೇ ಆರಿಹೋಗುವ ಸಣ್ಣ ಸೋರಿಕೆ ಕೂಡ ಹೋಸ್ ಕ್ಲಿಪ್ಪಿನ ಹತ್ತಿರ, ವಾಟರ್ ಪಂಪಿನ ಕೆಳಗೆ ಒಣಗಿದ ಕಲೆ ಬಿಟ್ಟಿರುತ್ತದೆ. ಹೊರಗೆ ಎಲ್ಲೂ ಇಲ್ಲ, ಆದರೆ ಮುಂದಿನ ಸೀಟಿನ ಕೆಳಗಿನ ಮ್ಯಾಟ್ ಒದ್ದೆ, ಗಾಜಿಗೆ ಒಳಗಿನಿಂದ ಜಿಡ್ಡು ಮಂಜು ಕಟ್ಟುತ್ತಿದೆ ಅಂದರೆ ಹೀಟರಿನ ಒಳಗೇ ಸೋರುತ್ತಿದೆ.

ಚೆಲ್ಲಿದ ಕೂಲಂಟನ್ನು ತೊಳೆದು ಬಿಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ ಮತ್ತು ವಿಷ. ನಾಯಿ, ಬೆಕ್ಕು ನೆಕ್ಕಿದರೆ ಬದುಕುವುದು ಕಷ್ಟ. ಮಕ್ಕಳ ಕೈಗೂ ಸಿಗಬಾರದು.

ನಿಂತಾಗ ಬಿಸಿ, ಓಡಿದಾಗ ತಣ್ಣಗೆ

ಸಿಲ್ಕ್ ಬೋರ್ಡ್ ಜಾಮಿನಲ್ಲಿ ಮುಳ್ಳು ಏರುತ್ತದೆ, ಹೊಸೂರು ರಸ್ತೆ ಖಾಲಿ ಸಿಕ್ಕ ಕೂಡಲೇ ಇಳಿಯುತ್ತದೆ. ಹೀಗಾದರೆ ಹೆಚ್ಚಾಗಿ ಫ್ಯಾನೇ ಕಾರಣ. ಓಡುವಾಗ ಎದುರು ಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಮಾಡಲು ಫ್ಯಾನ್ ಬಿಟ್ಟರೆ ಬೇರೆ ಯಾರೂ ಇಲ್ಲ.

ಫ್ಯಾನನ್ನು ನೀವೇ ಪರೀಕ್ಷಿಸಬಹುದು. ಗಾಡಿ ಸ್ಟಾರ್ಟ್ ಮಾಡಿ ಎಸಿ ಪೂರ್ತಿ ಹಾಕಿ. ಒಂದೆರಡು ನಿಮಿಷದಲ್ಲಿ ಫ್ಯಾನ್ ತಿರುಗಬೇಕು. ತಿರುಗಿದರೆ ಮೋಟಾರು ಸರಿಯಿದೆ. ಎಸಿಗೆ ತಿರುಗುವ ಫ್ಯಾನ್ ಬಿಸಿಗೆ ತಿರುಗುತ್ತಿಲ್ಲವೆಂದರೆ ಕೂಲಂಟ್ ಸೆನ್ಸರ್ ಮೇಲೆ ಅನುಮಾನ ಪಡಿ. ಎರಡು ಫ್ಯಾನ್ ಇರುವ ಗಾಡಿಯಾದರೆ ಎರಡನ್ನೂ ಬೇರೆ ಬೇರೆ ನೋಡಿ.

ಎಸಿಗೂ ತಿರುಗುತ್ತಿಲ್ಲವೆಂದರೆ ಫ್ಯೂಸಿನಿಂದ ಶುರು ಮಾಡಿ. ಫ್ಯೂಸ್ ಡಬ್ಬಿಯ ಮುಚ್ಚಳದ ಒಳಗೇ ನಕ್ಷೆ ಇರುತ್ತದೆ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದ್ದು ಹಾಕಿ, ದೊಡ್ಡದು ಹಾಕಿದರೆ ಮುಂದಿನ ಸಲ ವೈರೇ ಸುಡುತ್ತದೆ. ಹೊಸ ಫ್ಯೂಸೂ ತಕ್ಷಣ ಹೋದರೆ ಮೋಟಾರು ಜಾಮ್ ಆಗಿರಬಹುದು. ಫ್ಯೂಸ್ ಸರಿಯಿದ್ದರೆ ರಿಲೇ, ಅಂದರೆ ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್ಚು. ಅದೇ ನಂಬರಿನ ರಿಲೇ ಹಾರ್ನಿಗೋ ಬೇರೆಯದಕ್ಕೋ ಇದ್ದರೆ ಅದಲು ಬದಲು ಮಾಡಿ ನೋಡಿ. ಫ್ಯಾನ್ ತಿರುಗಿ ಹಾರ್ನ್ ನಿಂತರೆ ಕಳ್ಳ ಸಿಕ್ಕ. ಅದೂ ಅಲ್ಲವೆಂದರೆ, ಬ್ಯಾಟರಿ ಬಿಚ್ಚಿ ಫ್ಯಾನಿನ ರೆಕ್ಕೆಯನ್ನು ಕೈಯಿಂದ ತಿರುಗಿಸಿ. ಸುಲಭವಾಗಿ ತಿರುಗಬೇಕು. ಬಿಗಿಯಾಗಿದ್ದರೆ ಬೇರಿಂಗ್ ಹೋಗಿದೆ.

ಸುಮೋ, ಬೊಲೆರೊ ಥರದ ಗಾಡಿಗಳಲ್ಲಿ ಫ್ಯಾನನ್ನು ಬೆಲ್ಟೇ ತಿರುಗಿಸುತ್ತದೆ, ನಡುವೆ ಬಿಸಿಯಾದಾಗ ಫ್ಯಾನನ್ನು ಬಿಗಿಯಾಗಿ ಹಿಡಿಯುವ ಒಂದು ವಿಸ್ಕಸ್ ಕ್ಲಚ್ ಇರುತ್ತದೆ. ಅದರೊಳಗಿನ ಸಿಲಿಕೋನ್ ಎಣ್ಣೆ ಸೋರಿಹೋದರೆ ಫ್ಯಾನ್ ಸುಮ್ನೆ ತಿರುಗಿದಂತೆ ಕಾಣುತ್ತದೆ, ಗಾಳಿ ಮಾತ್ರ ಎಳೆಯುವುದಿಲ್ಲ. ಬಿಸಿ ಇಂಜಿನ್ ಆಫ್ ಮಾಡಿದ ಕೂಡಲೇ ಫ್ಯಾನ್ ನಿಲ್ಲಬೇಕು. ಸುಮಾರು ಹೊತ್ತು ತಿರುಗುತ್ತಲೇ ಇದ್ದರೆ ಕ್ಲಚ್ ಹಿಡಿಯುತ್ತಿಲ್ಲ.

ಓಡುವಾಗ ಬಿಸಿ

ಇದು ಮೇಲಿನದ್ದಕ್ಕೆ ಪೂರ್ತಿ ಉಲ್ಟಾ. ಗಾಳಿ ಬೇಕಾದಷ್ಟು ಸಿಗುತ್ತಿದೆ, ಕೂಲಂಟೇ ಸರಿಯಾಗಿ ಓಡಾಡುತ್ತಿಲ್ಲ. ರೇಡಿಯೇಟರ್ ಒಳಗೆ ಕಟ್ಟಿದೆ, ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲ, ಪಂಪಿನ ರೆಕ್ಕೆ ಸವೆದಿದೆ, ಕೂಲಂಟ್ ಕಡಿಮೆ ಇದೆ, ಇವುಗಳಲ್ಲಿ ಒಂದು. ಹಳೆಯ ಗಾಡಿಯಲ್ಲಿ ಕೆಳಗಿನ ಹೋಸ್ ಮೆತ್ತಗಾಗಿ, ಇಂಜಿನ್ ಜೋರಾಗಿ ತಿರುಗುವಾಗ ಪಂಪಿನ ಎಳೆತಕ್ಕೆ ಒಳಕ್ಕೆ ಚಪ್ಪಟೆಯಾಗುವುದೂ ಉಂಟು. ಸಹಾಯಕ್ಕೆ ಒಬ್ಬರನ್ನು ಕೂರಿಸಿ ಆಕ್ಸಿಲರೇಟರ್ ಒತ್ತಿಸಿದರೆ ಕಣ್ಣಿಗೇ ಕಾಣುತ್ತದೆ.

ರೇಡಿಯೇಟರ್ ಒಳಗೆ ಕಟ್ಟಲು ನಮ್ಮ ಕಡೆ ಮುಖ್ಯ ಕಾರಣ ಬೋರ್‌ವೆಲ್ ನೀರು. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯ ನೀರು ಎಷ್ಟು ಗಡಸು ಅಂತ ಅಲ್ಲಿಯವರಿಗೆ ಹೇಳಬೇಕಿಲ್ಲ. ಕೂಲಂಟ್ ಕಡಿಮೆಯಾದಾಗಲೆಲ್ಲ ನಲ್ಲಿಯಿಂದ ಒಂದು ಚೊಂಬು ಸುರಿಯುತ್ತಾ ಹೋದರೆ ಕೆಲವೇ ವರ್ಷಗಳಲ್ಲಿ ಸಣ್ಣ ನಳಿಗೆಗಳಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಜೊತೆಗೆ ತುಕ್ಕು. ಡಿಸ್ಟಿಲ್ಡ್ ವಾಟರ್, ಅಂದರೆ ಬ್ಯಾಟರಿಗೆ ಹಾಕುವ ನೀರು, ಮತ್ತು ಕೂಲಂಟ್ ಅರ್ಧಕ್ಕರ್ಧ ಬೆರೆಸಿ ಹಾಕಿ. ಬೆರೆಸಿಯೇ ಬರುವ ಕ್ಯಾನುಗಳೂ ಇವೆ, ಅದಕ್ಕೆ ಮತ್ತೆ ನೀರು ಸೇರಿಸಬೇಡಿ. ಬಣ್ಣ ಒಂದೇ ಅಂತ ಬೇರೆ ಬೇರೆ ಕೂಲಂಟ್ ಬೆರೆಸುವುದೂ ತಪ್ಪು. ಬಣ್ಣ ಕಂಪನಿಯವರ ಇಷ್ಟ, ಅದಕ್ಕೂ ಒಳಗಿನ ರಾಸಾಯನಿಕಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಗಾಡಿಯ ಪುಸ್ತಕದಲ್ಲಿ ಬರೆದಿರುವ ಬಗೆಯನ್ನೇ ಕೊಳ್ಳಿ.

ಎಲ್ಲಿ ಕಟ್ಟಿದೆ ಅಂತ ತಿಳಿಯಲು ಇನ್ಫ್ರಾರೆಡ್ ಥರ್ಮಾಮೀಟರ್ ಒಳ್ಳೆಯದು. ಬಿಸಿ ರೇಡಿಯೇಟರಿನ ಮೇಲೆ ಉದ್ದಕ್ಕೂ ಹಿಡಿದುಕೊಂಡು ಹೋದರೆ, ಮಧ್ಯೆ ಒಮ್ಮೆಲೇ ತಣ್ಣಗಿರುವ ಜಾಗ ಸಿಕ್ಕಿದರೆ ಅಲ್ಲಿ ಕೂಲಂಟ್ ಹರಿಯುತ್ತಿಲ್ಲ. ಕೋವಿಡ್ ಕಾಲದಲ್ಲಿ ಕೊಂಡ, ಹಣೆಗೆ ಹಿಡಿಯುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ. ಅದು ಜ್ವರದ ಲೆಕ್ಕ ದಾಟಿ ಮೇಲೆ ತೋರಿಸುವುದೇ ಇಲ್ಲ.

ಹೊರಗಿನ ಕಸವನ್ನೂ ಮರೆಯಬೇಡಿ. ರೇಡಿಯೇಟರಿನ ಮುಂದೆ ಎಸಿಯ ಬಿಸಿಯನ್ನು ಹೊರಹಾಕುವ ಕಂಡೆನ್ಸರ್ ಇರುತ್ತದೆ, ಇವೆರಡರ ನಡುವಿನ ಸಂದಿಯಲ್ಲಿ ಹುಳ, ಧೂಳು, ಹೊಟ್ಟು ಎಲ್ಲ ಸೇರಿಕೊಳ್ಳುತ್ತದೆ. ಎಸಿ ಹಾಕಿದಾಗ ಮಾತ್ರ ಹೀಟಾಗುವ ಗಾಡಿಗಳಲ್ಲಿ ಮೊದಲು ಇಲ್ಲೇ ನೋಡಬೇಕು. ಸುಗ್ಗಿಯಲ್ಲಿ ರಸ್ತೆ ಮೇಲೆ ರಾಗಿ, ಹುರುಳಿ ಹರಡಿದ ಕಡೆ ಓಡಿಸಿದ್ದರೆ ಬಗ್ಗಿ ಗಾಡಿಯ ಕೆಳಗೂ ಒಮ್ಮೆ ನೋಡಿಬಿಡಿ. ಹುರುಳಿ ಬಳ್ಳಿ ಚಕ್ರದ ಆಕ್ಸಲಿಗೆ ಸುತ್ತಿಕೊಂಡು, ಸೈಲೆನ್ಸರಿನ ಬಿಸಿಗೆ ಹೊತ್ತಿ ಕಾರೇ ಸುಟ್ಟುಹೋದ ಸುದ್ದಿ ಹಲವು ಸಲ ಬಂದಿದೆ. ಮೀಟರ್ ಸರಿಯಾಗಿದ್ದು ಸುಟ್ಟ ವಾಸನೆ ಬಂದರೆ ನಿಲ್ಲಿಸಿ ಕೆಳಗಿಳಿಯಿರಿ.

ತೊಳೆಯುವಾಗ ಮನೆಯ ಪೈಪಿನ ನೀರು ಸಾಕು. ವಾಟರ್ ಸರ್ವಿಸ್‌ನವರ ಜೋರು ಪ್ರೆಶರ್ ಹತ್ತಿರದಿಂದ ಬಿಟ್ಟರೆ ತೆಳ್ಳನೆಯ ಅಲ್ಯೂಮಿನಿಯಂ ರೆಕ್ಕೆಗಳು ಮಲಗಿಬಿಡುತ್ತವೆ, ಗಾಳಿಯ ದಾರಿ ಪೂರ್ತಿ ಮುಚ್ಚುತ್ತದೆ.

ಘಾಟಿಯಲ್ಲಿ ಮಾತ್ರ ಬಿಸಿ

ಗುಂಡ್ಯ ದಾಟಿ ಶಿರಾಡಿ ಹತ್ತುವಾಗ ಟ್ಯಾಂಕರುಗಳ ಹಿಂದೆ ಮೊದಲ ಗೇರಿನಲ್ಲಿ ತೆವಳಿದ್ದೀರಾ? ಇಂಜಿನ್ನಿಗೆ ಪೂರ್ತಿ ಭಾರ, ಎದುರು ಗಾಳಿ ಇಲ್ಲವೇ ಇಲ್ಲ, ಒಳಗೆ ಎಸಿ. ಊರಿನಲ್ಲಿ ಹೇಗೋ ನಡೆದುಹೋಗುತ್ತಿದ್ದ ಅರ್ಧ ಕಟ್ಟಿದ ರೇಡಿಯೇಟರ್, ನಿಧಾನಗತಿಯ ಫ್ಯಾನ್ ಇಲ್ಲಿ ಸಿಕ್ಕಿಬೀಳುತ್ತವೆ. ಸರಿಯಾಗಿರುವ ಗಾಡಿ ಐದು ಜನರನ್ನು ಕೂರಿಸಿಕೊಂಡು ಎಸಿ ಹಾಕಿಯೂ ಶಿರಾಡಿ, ಚಾರ್ಮಾಡಿ, ಆಗುಂಬೆ ಹತ್ತಲೇಬೇಕು. ಘಾಟಿಯಲ್ಲಿ ಎಲ್ಲ ಗಾಡಿಯೂ ಹೀಟಾಗುತ್ತದೆ ಬಿಡಿ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಎತ್ತರದ್ದೂ ಒಂದು ಪಾಲಿದೆ. ಸಮುದ್ರದ ಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಮಡಿಕೇರಿಯಲ್ಲಿ ಸುಮಾರು 96ಕ್ಕೇ ಕುದಿಯುತ್ತದೆ. ಮುಚ್ಚಳ ಒತ್ತಡ ಹಿಡಿಯದ ಗಾಡಿ, ಅದರಲ್ಲೂ ಬರೀ ನೀರು ಹಾಕಿದ್ದು, ಮಂಗಳೂರಿನಲ್ಲಿ ಸರಿಯಿದ್ದು ಮೇಲೆ ಬಂದ ಮೇಲೆ ಉಕ್ಕುವುದು ಇದಕ್ಕೇ.

ಹತ್ತುವಾಗ ಮೇಲಿನ ಗೇರಿನಲ್ಲಿ ಇಂಜಿನನ್ನು ಹಿಂಡಬೇಡಿ. ಕೆಳಗಿನ ಗೇರಿನಲ್ಲಿ ಇಂಜಿನ್ ಸ್ವಲ್ಪ ಜೋರಾಗಿ ತಿರುಗಿದರೆ ವಾಟರ್ ಪಂಪೂ ಜೋರಾಗಿ ತಿರುಗುತ್ತದೆ. ಇನ್ನು ಹೀಟಾಗಿದೆ ಅಂತ ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿ ಉರುಳಿಸಿಕೊಂಡು ಬರುವವರಿದ್ದಾರೆ. ಒಂದೆರಡು ಸಲ ತುಳಿದ ಮೇಲೆ ಬ್ರೇಕ್ ಕಲ್ಲಿನಂತಾಗುತ್ತದೆ, ಸ್ಟೀರಿಂಗೂ ಭಾರ. ಆ ಕೆಲಸಕ್ಕೆ ಕೈ ಹಾಕಲೇಬೇಡಿ.

ಸ್ಟಾರ್ಟ್ ಮಾಡಿದ ಐದು ನಿಮಿಷಕ್ಕೇ ಬಿಸಿ

ಕೂಲಂಟ್ ಮಟ್ಟ ಸರಿಯಿದ್ದೂ ಇಷ್ಟು ಬೇಗ ಏರಿದರೆ ಹೆಚ್ಚಾಗಿ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೂತಿರುತ್ತದೆ. ಮುಳ್ಳು ಮೇಲೆ ಹೋದಾಗ ಇಂಜಿನ್ ಆಫ್ ಮಾಡಿ, ರೇಡಿಯೇಟರಿನ ಎರಡು ದಪ್ಪ ಹೋಸುಗಳ ಹತ್ತಿರ ಕೈ ತನ್ನಿ, ಮುಟ್ಟಬೇಡಿ. ಒಂದು ಕಾದಿದ್ದು ಇನ್ನೊಂದು ತಣ್ಣಗೇ ಇದ್ದರೆ ಕೂಲಂಟ್ ರೇಡಿಯೇಟರಿನ ಮೂಲಕ ಹರಿಯುತ್ತಿಲ್ಲ. ಬಿಚ್ಚಿ ತೆಗೆದ ಥರ್ಮೋಸ್ಟಾಟನ್ನು ನೀರಿರುವ ಪಾತ್ರೆಯಲ್ಲಿ ಹಾಕಿ ಒಲೆ ಮೇಲಿಟ್ಟು ಪರೀಕ್ಷಿಸಬಹುದು. ಅದರ ಮೇಲೆ 82 ಅಥವಾ 88 ಅಂತ ಬರೆದಿರುತ್ತದೆ, ನೀರು ಅಷ್ಟು ಬಿಸಿಯಾದಾಗ ಬಾಯಿ ಬಿಡಲು ಶುರುಮಾಡಬೇಕು. ಆ ಪಾತ್ರೆಯನ್ನು ಮತ್ತೆ ಅಡುಗೆಮನೆಗೆ ಕೊಡಬೇಡಿ.

"ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಯಾಕೆ ಸಾರ್, ತೆಗೆದುಬಿಡೋಣ" ಅನ್ನುವ ಮೆಕ್ಯಾನಿಕ್ ಎಲ್ಲ ಊರಲ್ಲೂ ಸಿಗುತ್ತಾರೆ. ಬೇಡ ಅನ್ನಿ. ಇಂಜಿನ್ ಬೇಕಾದ ಬಿಸಿಗೆ ಬರದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಇಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ, ರೇಡಿಯೇಟರಿಗೆ ಹೋಗದೆ ಇಂಜಿನ್ನಿಗೇ ಮರಳುವ ಬೈಪಾಸ್ ದಾರಿಯನ್ನೂ ಅದೇ ಮುಚ್ಚುತ್ತದೆ. ಅಂಥದ್ದರಲ್ಲಿ ತೆಗೆದರೆ ಕೂಲಂಟ್ ರೇಡಿಯೇಟರಿಗೆ ಹೋಗದೆ ಇಂಜಿನ್ನಿನೊಳಗೇ ಸುತ್ತಿ ಇನ್ನೂ ಹೀಟಾಗುತ್ತದೆ.

ಮುಳ್ಳು ಏರುವಾಗಲೇ ಬ್ಯಾಟರಿ ದೀಪವೂ ಹತ್ತಿದರೆ ಬೆಲ್ಟ್ ತುಂಡಾಗಿದೆ ಅಂದುಕೊಳ್ಳಿ. ಹಲವು ಗಾಡಿಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ವಾಟರ್ ಪಂಪನ್ನೂ ಒಂದೇ ಬೆಲ್ಟ್ ತಿರುಗಿಸುತ್ತದೆ. ಆಗ ಒಂದು ಕಿಲೋಮೀಟರ್ ಕೂಡ ಓಡಿಸಬಾರದು. ಇತ್ತೀಚೆಗಷ್ಟೇ ಕೂಲಂಟ್ ಬದಲಿಸಿದ ಮೇಲೆ ಶುರುವಾದ ತೊಂದರೆಯಾದರೆ ಬೆಲ್ಟಿಗಿಂತ ಏರ್ ಲಾಕ್, ಅಂದರೆ ಕೂಲಂಟಿನ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿರುವುದು, ಜಾಸ್ತಿ ಸಾಧ್ಯ. ಗಾಡಿಯ ಮೂತಿ ಮೇಲಿರುವ ಹಾಗೆ ಏರಿನಲ್ಲಿ ನಿಲ್ಲಿಸಿ, ಇಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ, ಹೀಟರ್ ಪೂರ್ತಿ ತೆರೆದಿಡಿ. ಗುಳ್ಳೆಗಳು ಬಂದು ಮಟ್ಟ ಇಳಿಯುತ್ತದೆ, ತುಂಬಿಸುತ್ತಾ ಹೋಗಿ. ಇಂಜಿನ್ ಬಿಸಿಗೆ ಬಂದು ಕೂಲಂಟ್ ಉಬ್ಬಲು ಶುರುವಾಗುವ ಮೊದಲೇ ಮುಚ್ಚಿಬಿಡಿ.

ಕೈ ಹಾಕಬಾರದ ಜಾಗ

ಗುಳ್ಳೆಗಳು ನಿಲ್ಲುವುದೇ ಇಲ್ಲ, ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಹೋಸ್ ಕಲ್ಲಿನಂತೆ ಗಟ್ಟಿ, ಹೊರಗೆ ಹನಿ ಸೋರದೆ ಕೂಲಂಟ್ ಮಾಯ, ಸೈಲೆನ್ಸರಿನಿಂದ ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ. ಇವುಗಳಲ್ಲಿ ಎರಡು ಕಂಡರೂ ಹೆಡ್ಡಿಗೂ ಇಂಜಿನ್ ಬ್ಲಾಕಿಗೂ ನಡುವೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತಲೇ ಲೆಕ್ಕ. ಆಯಿಲ್ ಮುಚ್ಚಳದ ಒಳಗೆ ಹಾಲಿನಂಥ ನೊರೆಯನ್ನು ಮಾತ್ರ ನೋಡಿ ತೀರ್ಮಾನಿಸಬೇಡಿ. ಮಳೆಗಾಲದಲ್ಲಿ ಬರೀ ಹತ್ತಿರದ ಓಡಾಟ ಮಾಡುವ ಗಾಡಿಯಲ್ಲಿ ತೇವಕ್ಕೇ ಸ್ವಲ್ಪ ನೊರೆ ಕಟ್ಟುತ್ತದೆ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ಕಿನಲ್ಲೂ ಹಾಲು ಬೆರೆಸಿದ ಹಾಗಿದ್ದರೆ ಅದು ಬೇರೆ ಮಾತು.

ಖಚಿತ ಮಾಡಿಕೊಳ್ಳಲು ಒಂದು ಪರೀಕ್ಷೆ ಇದೆ. ರೇಡಿಯೇಟರ್ ಬಾಯಿಗೆ ಒಂದು ಕೊಳವೆ ಇಟ್ಟು ಅಲ್ಲಿಂದ ಬರುವ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ. ದ್ರವ ಹಳದಿಯಾದರೆ ಸಿಲಿಂಡರಿನ ಹೊಗೆ ಕೂಲಂಟಿಗೆ ಸೇರುತ್ತಿದೆ. ಹೆಡ್ ಬಿಚ್ಚುವ ಮೊದಲು ಈ ಪರೀಕ್ಷೆ ಮಾಡಿಸಿ ಅಂತ ಕೇಳುವ ಹಕ್ಕು ನಿಮಗಿದೆ. ಹೆಡ್ ಬಿಚ್ಚಿದರೆ ಅದನ್ನು ಲೇತಿಗೆ ಕಳಿಸಿ ಬಾಗಿದೆಯಾ ಅಂತ ನೋಡಿಸದೆ ಬರೀ ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಲು ಬಿಡಬೇಡಿ. ಅದು ಮತ್ತೆ ಹೋಗುತ್ತದೆ. ಗ್ಯಾರೇಜಿಗೆ ಗಾಡಿಯನ್ನು ಓಡಿಸಿಕೊಂಡು ಹೋಗುವುದು ಬೇಡ, ಎಳೆಸಿಕೊಂಡು ಹೋಗಿ.

ಮೆಕ್ಯಾನಿಕ್ ಹತ್ತಿರ ಹೋದಾಗ "ಗಾಡಿ ಹೀಟಾಗ್ತಿದೆ" ಅಂತಷ್ಟೇ ಹೇಳಬೇಡಿ. ಯಾವ ವೇಗದಲ್ಲಿ ಆಯಿತು, ಎಸಿ ಇತ್ತಾ, ಫ್ಯಾನ್ ತಿರುಗುತ್ತಿತ್ತಾ, ಹೀಟರಿನಿಂದ ಬಿಸಿ ಗಾಳಿ ಬಂತಾ, ವಾರಕ್ಕೆ ಎಷ್ಟು ಕೂಲಂಟ್ ಕಡಿಮೆಯಾಗುತ್ತಿದೆ, ಇಷ್ಟನ್ನು ಹೇಳಿ. ರಿಪೇರಿ ಆದ ಮೇಲೆ ಮೊದಲ ಕೆಲವು ದಿನ ಬೆಳಗ್ಗೆ ತಣ್ಣಗಿರುವಾಗ ಟ್ಯಾಂಕಿನ ಗೆರೆ ನೋಡುತ್ತಿರಿ. ಏರ್ ಲಾಕ್ ಉಳಿದಿದ್ದರೆ ಒಂದು ಸಲ ಸ್ವಲ್ಪ ಇಳಿಯುವುದು ಸಹಜ, ತುಂಬಿಸಿ. ಮತ್ತೆ ಮತ್ತೆ ಇಳಿಯುತ್ತಿದ್ದರೆ ಅದೇ ಗ್ಯಾರೇಜಿಗೆ ಬಿಲ್ ತೆಗೆದುಕೊಂಡು ವಾಪಸ್ ಹೋಗಿ.